ರಾಜಿಯಾಗದ ಬ್ರಯಾನರು ಮಾಡಿದ ರಾಜಿಗಳು

ಹಲಸಂಗಿಯ ಕಡೆ, ಸಕ್ಕರೆ ಕಾರ್ಖಾನೆಯ ಕೆಲಸಕ್ಕೆಂದು ಬಂದು ನೆಲೆಸಿರುವ ನಮ್ಮ ಒಂದು ಕುಟುಂಬವಿದೆ. ಒಂದು ದಿನ ಅವರ ಮನೆಯ ಆಶೀರ್ವಾದಕ್ಕೆ ಹೋಗಿದ್ದೆ. ಪ್ರಾರ್ಥನೆ ಮುಗಿದು ಚಹಾ ಬರುವಷ್ಟರಲ್ಲಿ ಮನೆಯ ತಾಯಿ ಮಗನ ಉತ್ತರಪತ್ರಿಕೆಯನ್ನು ತಂದು ನನ್ನ ಕೈಗಿತ್ತರು. ದ್ವಿತೀಯ ಪಿಯುಸಿ ಓದುವ ಜಾಣ ಹುಡುಗ. ಜೀವಶಾಸ್ತ್ರದ ಕಾಲೇಜು ಪರೀಕ್ಷೆಯಲ್ಲಿ ವಿಕಾಸವಾದದ ಪ್ರಶ್ನೆ ಬಂದಾಗ ಉತ್ತರ ಬರೆಯದೆ ಅರ್ಧ ಪುಟ ಖಾಲಿ ಬಿಟ್ಟಿದ್ದ. ಉತ್ತರ ಗೊತ್ತಿಲ್ಲದೆ ಅಲ್ಲ. ಬೇರೊಂದು ಪ್ರಾರ್ಥನಾ ಕೂಟಕ್ಕೆ ಹೋಗುವ ಅವನ ಸೋದರಮಾವ, ಅದನ್ನು ಬರೆದವನು ಆದಿಕಾಂಡವನ್ನು ಅಲ್ಲಗಳೆದಂತೆ ಎಂದು ಹೇಳಿಬಿಟ್ಟಿದ್ದ. ತಂದೆಯದು ಬೇರೆ ಲೆಕ್ಕ. ಪುಸ್ತಕದಲ್ಲಿದ್ದದ್ದನ್ನು ಬರೆದು ಅಂಕ ತಗೋ, ನಂಬಬೇಕೆಂದೇನೂ ಇಲ್ಲವಲ್ಲ ಎಂದು ಅವರ ವಾದ. ಇಬ್ಬರ ನಡುವೆ ಸಿಕ್ಕಿದ ತಾಯಿಗೆ ಒಂದೇ ಚಿಂತೆ: ಈ ಎರಡರಲ್ಲಿ ಪಾಪ ಯಾವುದು?

ಅಂದು ನಾನು ಏನೋ ನಾಲ್ಕು ಮಾತು ಹೇಳಿ ಬಂದೆ. ಆದರೆ ಆ ಖಾಲಿ ಪುಟ ಕಣ್ಣಿನಿಂದ ಮರೆಯಾಗಲಿಲ್ಲ. ನಂಬಿಕೆಗಾಗಿ ಅಂಕ ಬಿಟ್ಟ ಹುಡುಗನನ್ನು ಬಯ್ಯಲು ಮನಸ್ಸು ಬಾರದು. ನಂಬದೆಯೂ ಬರೆ ಎಂಬ ತಂದೆಯ ಮಾತನ್ನು ಮೆಚ್ಚಲೂ ಆಗದು.

ಹಲಸಂಗಿ ಎಂದರೆ ನಮಗೆಲ್ಲ ಮಧುರಚೆನ್ನರ ನೆನಪು. 1920ರ ದಶಕದಲ್ಲಿ ಅವರೂ ಅವರ ಗೆಳೆಯರೂ ಹಳ್ಳಿಯ ಹೆಣ್ಣುಮಕ್ಕಳ ಬಾಯಲ್ಲಿದ್ದ ಹಾಡುಗಳನ್ನು ಕೂಡಿಹಾಕುತ್ತಿದ್ದರು. ಮಧುರಚೆನ್ನರೂ ಸಂಶಯದ ಇರುಳನ್ನು ದಾಟಿ ದೇವರ ಕಡೆ ನಡೆದವರೇ. ಅದೇ ದಶಕದಲ್ಲಿ ಅಮೆರಿಕದ ಟೆನ್ನೆಸ್ಸಿ ರಾಜ್ಯದ ಡೇಟನ್ ಎಂಬ ಸಣ್ಣ ಊರಿನಲ್ಲಿ ನಮ್ಮ ಹುಡುಗನ ಪ್ರಶ್ನೆಯೇ ನ್ಯಾಯಾಲಯದ ಮೆಟ್ಟಿಲೇರಿತ್ತು. ಅಲ್ಲಿ ಬೈಬಲ್ ಹಿಡಿದು ನಿಂತ ಮುದುಕರ ಹೆಸರು ವಿಲಿಯಂ ಜೆನ್ನಿಂಗ್ಸ್ ಬ್ರಯಾನ್. ಲೋಕದ ನೆನಪಿನಲ್ಲಿ ಅವರು ವಿಜ್ಞಾನಕ್ಕೆ ಅಡ್ಡ ಬಂದ ಹಟಮಾರಿಯಾಗಿ ಉಳಿದಿದ್ದಾರೆ. ಅವರ ಬಾಳನ್ನು ಪೂರ್ತಿ ಓದಿದವರಿಗೆ ಕಾಣುವ ಮನುಷ್ಯ ಬೇರೆ.

ಬ್ರಯಾನರು ಹುಟ್ಟಿದ್ದು 1860ರ ಮಾರ್ಚ್ 19ರಂದು, ಇಲಿನಾಯ್ ರಾಜ್ಯದ ಸೇಲಂ ಎಂಬಲ್ಲಿ. ತಂದೆ ಸೈಲಸ್ ನ್ಯಾಯಾಧೀಶರು, ಬ್ಯಾಪ್ಟಿಸ್ಟ್ ಸಭೆಯವರು, ಕೆಲಸದ ನಡುವೆಯೂ ಪ್ರಾರ್ಥನೆಗೆ ತಪ್ಪದವರು. ತಾಯಿ ಮೆಥಡಿಸ್ಟ್. ಮಗ 14ನೇ ವಯಸ್ಸಿನಲ್ಲಿ ಪ್ರೆಸ್ಬಿಟೇರಿಯನ್ ಸಭೆಯನ್ನು ಸೇರಿದರು. ಒಂದೇ ಮನೆಯಲ್ಲಿ ಮೂರು ಸಭೆ! ಆದರೂ ಜಗಳವಿರಲಿಲ್ಲ. ವಕೀಲಿ ಓದಿ, 1884ರಲ್ಲಿ ಮೇರಿ ಬೇರ್ಡ್ ಅವರನ್ನು ಮದುವೆಯಾದರು. ಈ ಮೇರಿಯೂ ಗಂಡನ ಕೆಲಸಕ್ಕೆ ನೆರವಾಗಲೆಂದು ಕಾನೂನು ಓದಿ ವಕೀಲರ ಸನದು ಪಡೆದ ಜಾಣೆ. ಅವರನ್ನು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಮತ್ತೆ ಬರುತ್ತಾರೆ.

1887ರಲ್ಲಿ ಅವರು ನೆಬ್ರಾಸ್ಕಾಕ್ಕೆ ಬಂದರು. ನಮ್ಮ ಇಂಡಿ, ಸಿಂದಗಿ ತಾಲ್ಲೂಕುಗಳಂತೆ ಮಳೆಯನ್ನೇ ನಂಬಿದ ಬಯಲುಸೀಮೆ ಅದು. ರೈತರು ಸಾಲದಲ್ಲಿ ಮುಳುಗಿದ್ದರು. ಆ ಕಾಲದ ಅಮೆರಿಕದಲ್ಲಿ ನಾಣ್ಯಕ್ಕೆ ಚಿನ್ನವೇ ಆಧಾರ. ಚಿನ್ನ ಕಡಿಮೆ, ಆದ್ದರಿಂದ ಹಣ ಕಡಿಮೆ. ಹಣ ಕಡಿಮೆಯಾದರೆ ಬೆಳೆಯ ಬೆಲೆ ಇಳಿಯುತ್ತದೆ. ಸಾಲ ಮಾತ್ರ ಇಳಿಯುವುದಿಲ್ಲ. ಹತ್ತು ಚೀಲ ಜೋಳದ ಬೆಲೆಗೆ ತಂದ ಸಾಲವನ್ನು ಇಪ್ಪತ್ತು ಚೀಲ ಮಾರಿ ತೀರಿಸಬೇಕಾದ ರೈತನ ಗೋಳು ನಮ್ಮವರಿಗೆ ವಿವರಿಸಿ ಹೇಳಬೇಕಾಗಿಲ್ಲ. ಬೆಳ್ಳಿಯನ್ನೂ ನಾಣ್ಯಕ್ಕೆ ಸೇರಿಸಿ ಎಂದು ಬ್ರಯಾನರು ಹೋರಾಡಿದರು. 1896ರ ಜುಲೈ 9ರಂದು ಶಿಕಾಗೋದ ಪಕ್ಷದ ಮಹಾಸಭೆಯಲ್ಲಿ, ದುಡಿಯುವವರ ತಲೆಗೆ ಮುಳ್ಳಿನ ಕಿರೀಟ ತೊಡಿಸಬೇಡಿ ಎಂಬ ಅರ್ಥದ ಭಾಷಣ ಮಾಡಿ, 36ನೇ ವಯಸ್ಸಿಗೇ ಡೆಮಾಕ್ರಟಿಕ್ ಪಕ್ಷದ ರಾಷ್ಟ್ರಾಧ್ಯಕ್ಷ ಅಭ್ಯರ್ಥಿಯಾದರು. ರೈಲಿನಲ್ಲಿ 18,000 ಮೈಲಿ ಸುತ್ತಿ ಪ್ರಚಾರ ಮಾಡಿದರೂ ಸೋತರು. 1900ರಲ್ಲಿ ಮತ್ತೆ ನಿಂತು ಸೋತರು, 1908ರಲ್ಲಿ ಇನ್ನೊಮ್ಮೆ. ಮೂರು ಸಲ ಸೋತರೂ ಬಡವರ ನಾಯಕ ಎಂಬ ಹೆಸರು ಹೋಗಲಿಲ್ಲ. ಹೆಂಗಸರಿಗೆ ಮತದ ಹಕ್ಕು, ಶ್ರೀಮಂತರ ಮೇಲೆ ಆದಾಯ ತೆರಿಗೆ, ಸೆನೆಟಿಗೆ ಜನರಿಂದಲೇ ನೇರ ಚುನಾವಣೆ, ಇವೆಲ್ಲಕ್ಕೂ ಅವರು ದನಿಯೆತ್ತಿದರು. ಅವರ ಜೀವಿತಕಾಲದಲ್ಲೇ ಇವೆಲ್ಲ ಕಾನೂನಾದವು.

1906ರಲ್ಲಿ ಲೋಕಸಂಚಾರದ ನಡುವೆ ಹಿಂದೂಸ್ತಾನಕ್ಕೂ ಬಂದಿದ್ದರು. ಇಲ್ಲಿಯ ಬರ, ತೆರಿಗೆಯ ಭಾರ, ಅನಕ್ಷರತೆ ನೋಡಿ ಬ್ರಿಟಿಷ್ ಆಳ್ವಿಕೆಯನ್ನು ಖಂಡಿಸಿ ಲೇಖನ ಬರೆದರು. ನಮ್ಮ ದೇಶಭಕ್ತರು ಅದನ್ನು ಕರಪತ್ರ ಮಾಡಿ ಹಂಚಿದರು. ಬಿಜಾಪುರದ ಬರಗಾಲಗಳ ಕಥೆಯನ್ನು ಅಜ್ಜಂದಿರ ಬಾಯಲ್ಲಿ ಕೇಳಿದ ನಮಗೆ, ಅಷ್ಟು ದೂರದಿಂದ ಬಂದವರು ಅದನ್ನು ಗಮನಿಸಿದ್ದು ಸಣ್ಣ ಮಾತೆನಿಸುವುದಿಲ್ಲ.

1913ರಲ್ಲಿ ಅಧ್ಯಕ್ಷ ವಿಲ್ಸನ್ ಅವರ ಸರ್ಕಾರದಲ್ಲಿ ವಿದೇಶಾಂಗ ಮಂತ್ರಿಯಾದರು. ರಾಯಭಾರಿಗಳ ಔತಣದಲ್ಲಿ ಮದ್ಯದ ಬದಲು ದ್ರಾಕ್ಷಿ ರಸ ಬಡಿಸಿ ನಗೆಪಾಟಲಾದರು. ಅದಕ್ಕಿಂತ ಮುಖ್ಯವಾದದ್ದು ಬೇರೆ: ಜಗಳ ಬಂದಾಗ ಕತ್ತಿ ಹಿರಿಯುವ ಮೊದಲು ಒಂದು ವರ್ಷ ಕಾದು ವಿಚಾರಣೆ ನಡೆಸಬೇಕೆಂದು 30 ದೇಶಗಳೊಡನೆ ಒಪ್ಪಂದ ಮಾಡಿಕೊಂಡರು. 1915ರಲ್ಲಿ ಜರ್ಮನರು ಲೂಸಿಟಾನಿಯಾ ಹಡಗನ್ನು ಮುಳುಗಿಸಿ ಸುಮಾರು 1,200 ಜನ ಸತ್ತಾಗ, ವಿಲ್ಸನ್ನರ ಬಿರುಸಿನ ಪತ್ರ ಯುದ್ಧಕ್ಕೆ ದಾರಿಯಾದೀತೆಂದು ಹೆದರಿ ರಾಜೀನಾಮೆ ಕೊಟ್ಟು ಹೊರಬಂದರು. ಪತ್ರಿಕೆಗಳು ಹೇಡಿ ಎಂದವು. ಅಧಿಕಾರಕ್ಕಾಗಿ ರಾಜಿ ಮಾಡಿಕೊಳ್ಳುವವರಾಗಿದ್ದರೆ ಆ ಕುರ್ಚಿಯಲ್ಲೇ ಕೂತಿರುತ್ತಿದ್ದರು.

ಇಂಥವರು ವಿಕಾಸವಾದದ ವೈರಿಯಾದದ್ದು ಹೇಗೆ? ಮೊದಲಿನಿಂದ ಅವರು ಹಾಗಿರಲಿಲ್ಲ. 1904ರ ಸುಮಾರಿಗೆ ಊರೂರು ತಿರುಗಿ, ನಮ್ಮಲ್ಲಿ ಶ್ರಾವಣದಲ್ಲಿ ಪುರಾಣ ಕೇಳಲು ಜನ ಸೇರುವಂತೆ ಸೇರಿದ ದೊಡ್ಡ ಡೇರೆಗಳಲ್ಲಿ ಕ್ರಿಸ್ತನ ಕುರಿತು ಉಪನ್ಯಾಸ ಮಾಡುತ್ತಿದ್ದಾಗ, ಡಾರ್ವಿನ್ನನ ಮತ ತಮಗೆ ಒಪ್ಪಿಗೆಯಿಲ್ಲ, ಆದರೆ ಒಪ್ಪುವವರೊಡನೆ ಜಗಳವೂ ಇಲ್ಲ ಎನ್ನುವ ಧಾಟಿಯಲ್ಲಿ ಮಾತನಾಡುತ್ತಿದ್ದರು. ಅವರನ್ನು ಬದಲಿಸಿದ್ದು ಮೊದಲ ಮಹಾಯುದ್ಧ. ವರ್ನನ್ ಕೆಲ್ಲಾಗ್ ಎಂಬ ಜೀವಶಾಸ್ತ್ರಜ್ಞರು ಜರ್ಮನ್ ಸೇನಾಧಿಕಾರಿಗಳೊಡನೆ ಇದ್ದು ಬಂದು 1917ರಲ್ಲಿ ಒಂದು ಪುಸ್ತಕ ಬರೆದರು. ಬಲಿಷ್ಠ ಜನಾಂಗವು ದುರ್ಬಲರನ್ನು ತುಳಿಯುವುದೇ ಪ್ರಕೃತಿಯ ನಿಯಮ ಎಂದು ಆ ಅಧಿಕಾರಿಗಳು ಡಾರ್ವಿನ್ನನ ಹೆಸರಿನಲ್ಲಿ ವಾದಿಸುತ್ತಿದ್ದುದನ್ನು ಅದರಲ್ಲಿ ದಾಖಲಿಸಿದ್ದರು. ಬ್ರಯಾನರು ಅದನ್ನು ಓದಿ ಬೆಚ್ಚಿದರು. ಜೊತೆಗೆ, ಮನಶ್ಶಾಸ್ತ್ರಜ್ಞ ಜೇಮ್ಸ್ ಲ್ಯೂಬಾ 1916ರಲ್ಲಿ ಪ್ರಕಟಿಸಿದ ಸಮೀಕ್ಷೆ, ಕಾಲೇಜಿನಲ್ಲಿ ವರ್ಷ ಕಳೆದಂತೆ ವಿದ್ಯಾರ್ಥಿಗಳ ದೈವನಂಬಿಕೆ ಕುಗ್ಗುತ್ತದೆ ಎಂದಿತ್ತು. ಮಕ್ಕಳು ನಂಬಿಕೆ ಕಳೆದುಕೊಂಡು ಮನೆಗೆ ಬಂದರೆಂದು ತಂದೆತಾಯಂದಿರು ಅವರ ಬಳಿ ದುಃಖ ತೋಡಿಕೊಳ್ಳುತ್ತಿದ್ದರು.

ಇಲ್ಲಿ ಬ್ರಯಾನರು ಎರಡು ವಸ್ತುಗಳನ್ನು ಒಂದೇ ಗಂಟಿನಲ್ಲಿ ಕಟ್ಟಿದರು. ಜೀವಿಗಳ ದೇಹ ಕಾಲಕಾಲಕ್ಕೆ ಹೇಗೆ ಮಾರ್ಪಟ್ಟಿತು ಎನ್ನುವುದು ವಿಜ್ಞಾನದ ಪ್ರಶ್ನೆ. ಬಲವಿದ್ದವನು ಬಡವನನ್ನು ತುಳಿಯಬಹುದು ಎನ್ನುವುದು ವಿಜ್ಞಾನವೇ ಅಲ್ಲ. ಅದು ವಿಜ್ಞಾನದ ಅಂಗಿ ತೊಟ್ಟ ದುಷ್ಟ ತತ್ವ. ಎರಡನೆಯದರ ಮೇಲೆ ಅವರಿಗಿದ್ದ ಸಿಟ್ಟು ನ್ಯಾಯವಾದದ್ದೇ. ಮುಂದೆ ಡೇಟನ್ನಿನಲ್ಲಿ ವಿವಾದಕ್ಕೆ ಸಿಕ್ಕ ಪಠ್ಯಪುಸ್ತಕ, ಜಾರ್ಜ್ ಹಂಟರ್ ಅವರ 1914ರ ಜೀವಶಾಸ್ತ್ರ, ಬಿಳಿಯ ಜನಾಂಗವನ್ನು ಎಲ್ಲರಿಗಿಂತ ಮೇಲೆ ಇಟ್ಟಿತ್ತು. ಬುದ್ಧಿಮಾಂದ್ಯರಿಗೆ ಮಕ್ಕಳಾಗದಂತೆ ತಡೆಯಬೇಕೆಂಬ ವಾದವೂ ಅದರಲ್ಲಿತ್ತು. ಇಂಥ ಬಲವಂತದ ಸಂತಾನಹರಣವನ್ನು 1927ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಎತ್ತಿಹಿಡಿದಾಗ ಒಪ್ಪದೆ ಉಳಿದ ಒಬ್ಬನೇ ನ್ಯಾಯಾಧೀಶ ಪಿಯರ್ಸ್ ಬಟ್ಲರ್, ನಮ್ಮ ಕಥೋಲಿಕರು. 1930ರಲ್ಲಿ ಪೋಪ್ ಹನ್ನೊಂದನೇ ಪಿಯುಸರು ವಿವಾಹದ ಕುರಿತ ವಿಶ್ವಪತ್ರದಲ್ಲಿ ಆ ಪದ್ಧತಿಯನ್ನು ಖಂಡಿಸಿದರು. ಆದರೆ ಗಂಟನ್ನು ಬಿಚ್ಚಿ ಕಾಳು, ಹೊಟ್ಟು ಬೇರೆ ಮಾಡುವ ತಾಳ್ಮೆ ಬ್ರಯಾನರಿಗೆ ಬರಲಿಲ್ಲ. ಮೊರ ಹಿಡಿಯುವ ಬದಲು ಚೀಲವನ್ನೇ ಬಾವಿಗೆ ಎಸೆದರು.

1921ರಿಂದ ಅವರು ಈ ವಿಷಯವನ್ನೇ ಹಿಡಿದು ದೇಶ ಸುತ್ತಿದರು. ಮಯಾಮಿಯ ಉದ್ಯಾನದಲ್ಲಿ ಅವರ ಭಾನುವಾರದ ಬೈಬಲ್ ತರಗತಿಗೆ ಸಾವಿರಾರು ಜನ ಸೇರುತ್ತಿದ್ದರು. 1922ರಲ್ಲಿ ಕೆಂಟಕಿಯ ಶಾಸನಸಭೆಯಲ್ಲಿ ವಿಕಾಸವಾದದ ಬೋಧನೆಯನ್ನು ನಿಷೇಧಿಸುವ ಮಸೂದೆ ಒಂದೇ ಮತದಿಂದ ಬಿತ್ತು. 1923ರಲ್ಲಿ ಅವರು ತಮ್ಮ ಪ್ರೆಸ್ಬಿಟೇರಿಯನ್ ಸಭೆಯ ಮುಖ್ಯಸ್ಥರ ಸ್ಥಾನಕ್ಕೆ ನಿಂತು ಅಲ್ಪ ಮತಗಳಿಂದ ಸೋತರು. ಗೆದ್ದವರು ವಿಕಾಸವಾದ ಕಲಿಸುತ್ತಿದ್ದ ಕಾಲೇಜೊಂದರ ಅಧ್ಯಕ್ಷರು. ಅಂಥ ಕಾಲೇಜುಗಳಿಗೆ ಸಭೆಯ ಹಣ ಹೋಗಬಾರದೆಂಬ ಅವರ ಠರಾವನ್ನೂ ಮೆತ್ತಗೆ ಮಾಡಿ ಅಂಗೀಕರಿಸಿದರು. ಅಂದರೆ ವಿಶ್ವಾಸಿಗಳ ಮನೆಯೊಳಗೇ ಒಮ್ಮತವಿರಲಿಲ್ಲ.

ಬ್ರಯಾನರ ಜೊತೆಗಿದ್ದವರಲ್ಲೂ ಒಳಗೊಳಗೆ ಮೂರು ಪಂಗಡ. ಆದಿಕಾಂಡದ ಒಂದೊಂದು ದಿನವೂ ಒಂದೊಂದು ದೀರ್ಘ ಯುಗ ಎಂದು ಒಂದು ಪಂಗಡ. ಮೊದಲ ವಚನಕ್ಕೂ ಎರಡನೆಯದಕ್ಕೂ ನಡುವೆ ಎಷ್ಟೋ ಕಾಲ ಕಳೆದುಹೋಗಿದೆ, ಆಮೇಲಿನ ಆರು ದಿನ ಮಾತ್ರ ನಮ್ಮ ದಿನಗಳಂಥವೇ ಎಂದು ಇನ್ನೊಂದು. ಆರು ದಿನ ಎಂದರೆ ಆರೇ ದಿನ, ಭೂಮಿಯ ವಯಸ್ಸು ಕೆಲವೇ ಸಾವಿರ ವರ್ಷ, ಬಂಡೆಗಳಲ್ಲಿನ ಪಳೆಯುಳಿಕೆಗಳೆಲ್ಲ ನೋಹನ ಪ್ರಳಯದ ಕುರುಹು ಎಂದು ಮೂರನೆಯದು. ಈ ಮೂರನೆಯ ಮತಕ್ಕೆ ಶಾಸ್ತ್ರದ ರೂಪ ಕೊಟ್ಟವರು ಅಡ್ವೆಂಟಿಸ್ಟ್ ಸಭೆಯ ಜಾರ್ಜ್ ಮೆಕ್‌ಕ್ರೆಡಿ ಪ್ರೈಸ್. ಬ್ರಯಾನರು ಮೊದಲ ಪಂಗಡದವರು. ಅವರನ್ನು ಡೇಟನ್ನಿಗೆ ಕರೆಸಿದ ಮೂಲಭೂತವಾದಿಗಳ ಮುಂದಾಳು ವಿಲಿಯಂ ಬೆಲ್ ರೈಲಿಯೂ ಹಾಗೆಯೇ. ಪ್ರೈಸರ ಕಣ್ಣಿಗೆ ಇವರೆಲ್ಲ ಕೋಟೆಯ ಬಾಗಿಲನ್ನು ಒಳಗಿನಿಂದಲೇ ತೆರೆದವರು.

ನಾವು ಕಥೋಲಿಕರು ಇದನ್ನು ಓದುವಾಗ ಒಂದು ವಿಷಯ ಗಮನಿಸಬೇಕು. ಆ ದಿನಗಳು ನಮ್ಮ 24 ಗಂಟೆಯ ದಿನಗಳಂಥವಲ್ಲ ಎಂದು ಸಂತ ಅಗಸ್ಟೀನರು 1,600 ವರ್ಷಗಳ ಹಿಂದೆಯೇ ಬಗೆದಿದ್ದರು. ಆಗ ಡಾರ್ವಿನ್ನನೂ ಇರಲಿಲ್ಲ, ಒತ್ತಾಯವೂ ಇರಲಿಲ್ಲ. ರೋಮಿನ ಬೈಬಲ್ ಆಯೋಗವು 1909ರಲ್ಲೇ ಆ ಶಬ್ದಕ್ಕೆ ಒಂದು ಕಾಲಾವಧಿ ಎಂಬ ಅರ್ಥವನ್ನೂ ಮಾಡಬಹುದೆಂದು ಉತ್ತರ ಕೊಟ್ಟಿತ್ತು. ಪ್ರೈಸರು ರಾಜಿ ಎಂದು ಕರೆದದ್ದು ಬಹು ಹಳೆಯ ಕ್ರೈಸ್ತ ಓದು. ಹಾಗೆಂದು ನಾವು ಮೀಸೆ ತಿರುವುವಂತಿಲ್ಲ. ಅದೇ 1925ರಲ್ಲಿ ಯೇಸುಸಭೆಯ ಫಾದರ್ ತೇಯಾರ್ ದ ಶಾರ್ದೆನ್ ಅವರು ವಿಕಾಸವಾದಕ್ಕೂ ಮೂಲಪಾಪಕ್ಕೂ ಹೊಂದಿಸಿ ಬರೆದ ಟಿಪ್ಪಣಿಯೊಂದಕ್ಕಾಗಿ ಪ್ಯಾರಿಸ್ಸಿನ ಬೋಧನೆಯಿಂದ ದೂರವಾಗಬೇಕಾಯಿತು. ನಮ್ಮ ಮನೆಯಲ್ಲೂ ಈ ಗಾಳಿ ಬೀಸಿತ್ತು.

1924ಕ್ಕೆ ಬರೋಣ. ಇಲ್ಲಿ ನನ್ನ ಪೆನ್ನು ಸ್ವಲ್ಪ ನಿಧಾನವಾಗುತ್ತದೆ. ಆಗ ಕು ಕ್ಲುಕ್ಸ್ ಕ್ಲಾನ್ ಎಂಬ ಗುಪ್ತ ಸಂಘ ಅಮೆರಿಕದಲ್ಲಿ ಲಕ್ಷಾಂತರ ಸದಸ್ಯರನ್ನು ಕಟ್ಟಿಕೊಂಡು ಕಪ್ಪು ಜನರನ್ನೂ ಯೆಹೂದ್ಯರನ್ನೂ ಕಥೋಲಿಕರನ್ನೂ ಬೆದರಿಸುತ್ತಿತ್ತು. ಆರೆಗಾನ್ ರಾಜ್ಯದಲ್ಲಿ 1922ರಲ್ಲಿ, ಮಕ್ಕಳೆಲ್ಲ ಸರ್ಕಾರಿ ಶಾಲೆಗೇ ಹೋಗಬೇಕು ಎಂಬ ಕಾನೂನು ಅದರ ಬೆಂಬಲದಿಂದಲೇ ಬಂದಿತ್ತು. ನಮ್ಮ ಸಿಸ್ಟರುಗಳ ಶಾಲೆಗಳ ಬಾಗಿಲು ಹಾಕಿಸುವುದೇ ಅದರ ಗುರಿ. ನ್ಯೂಯಾರ್ಕಿನಲ್ಲಿ ಡೆಮಾಕ್ರಟಿಕ್ ಪಕ್ಷದ ಮಹಾಸಭೆ ಸೇರಿದಾಗ, ಈ ಕ್ಲಾನನ್ನು ಹೆಸರೆತ್ತಿ ಖಂಡಿಸಬೇಕೋ, ಹೆಸರಿಲ್ಲದೆ ಖಂಡಿಸಿದರೆ ಸಾಕೋ ಎಂಬ ಚರ್ಚೆ ಬಂತು. ಹೆಸರೆತ್ತಿದರೆ ಪಕ್ಷ ಒಡೆಯುತ್ತದೆ, ಹೆಸರು ಬೇಡ ಎಂದು ವಾದಿಸಲು ಎದ್ದು ನಿಂತವರಲ್ಲಿ ಬ್ರಯಾನರೂ ಒಬ್ಬರು. ಇಷ್ಟು ಹಿಂಸೆ ಕಂಡ ಕಥೋಲಿಕ ಧರ್ಮಸಭೆಗೆ ಒಂದು ಪಕ್ಷದ ರಕ್ಷಣೆ ಬೇಕಿಲ್ಲ ಎಂಬ ಹೊಗಳಿಕೆಯ ಮಾತನ್ನೂ ಸೇರಿಸಿದರು. ಸಭಾಂಗಣದ ಗ್ಯಾಲರಿಗಳಿಂದ ಕೂಗಾಟವೆದ್ದಿತು. ಸುಮಾರು ಒಂದು ಮತದ ಅಂತರದಲ್ಲಿ ಅವರ ಪಕ್ಷ ಗೆದ್ದಿತು, ಕ್ಲಾನಿನ ಹೆಸರು ಬಿಟ್ಟುಹೋಯಿತು. ಕಥೋಲಿಕರಾದ ಆಲ್ ಸ್ಮಿತ್ ಆ ಸಭೆಯಲ್ಲಿ ಅಭ್ಯರ್ಥಿಯಾಗಲಿಲ್ಲ. 103 ಸಲ ಮತ ಹಾಕಿ ಸುಸ್ತಾದ ಮೇಲೆ ಬೇರೊಬ್ಬರು ಆಯ್ಕೆಯಾದರು. ಬ್ರಯಾನರ ತಮ್ಮ ಚಾರ್ಲ್ಸ್ ಉಪಾಧ್ಯಕ್ಷ ಅಭ್ಯರ್ಥಿಯಾದರು. ಚುನಾವಣೆಯಲ್ಲಿ ಇಬ್ಬರೂ ಸೋತರು. ಆರೆಗಾನಿನ ಕಾನೂನನ್ನು ಸುಪ್ರೀಂ ಕೋರ್ಟು 1925ರ ಜೂನ್ 1ರಂದು ರದ್ದುಮಾಡಿತು. ಆ ಮೊಕದ್ದಮೆ ಗೆದ್ದವರಲ್ಲಿ ಕನ್ಯಾಸ್ತ್ರೀಯರ ಒಂದು ಸಂಘವಿತ್ತು.

ಬ್ರಯಾನರು ಕ್ಲಾನಿನವರಲ್ಲ. ಆದರೆ ಕಪ್ಪು ಜನರ ವಿಷಯದಲ್ಲಿ ಅವರು ಬಾಳಿನುದ್ದಕ್ಕೂ ದಕ್ಷಿಣದ ಬಿಳಿಯರ ಮನಸ್ಸು ನೋಯಿಸದಂತೆ ನಡೆದರು. ಆದಿಕಾಂಡದ ದಿನ ಎಷ್ಟು ಉದ್ದ ಎಂಬುದರಲ್ಲಿ ಅವರು ಸಡಿಲ ಬಿಟ್ಟದ್ದನ್ನು ರಾಜಿ ಎಂದು ದೂರಿದವರು ಅನೇಕರು. ಆ ಅಧ್ಯಾಯವೇ ಹೇಳುವ, ಎಲ್ಲ ಮನುಷ್ಯರೂ ದೇವರ ಪ್ರತಿರೂಪ ಎಂಬ ಸತ್ಯದಲ್ಲಿ ಅವರು ಮಾಡಿಕೊಂಡ ರಾಜಿಯನ್ನು ಅದೇ ಜನ ದೂರಲಿಲ್ಲ.

1925ರ ಮಾರ್ಚ್ 21ರಂದು ಟೆನ್ನೆಸ್ಸಿಯ ಬಟ್ಲರ್ ಕಾನೂನಿಗೆ ಗವರ್ನರ್ ಸಹಿ ಬಿತ್ತು. ಮನುಷ್ಯನು ಕೆಳಗಿನ ಪ್ರಾಣಿಗಳಿಂದ ಬಂದನೆಂದು ಸರ್ಕಾರಿ ಶಾಲೆಯಲ್ಲಿ ಕಲಿಸಿದವರಿಗೆ 100ರಿಂದ 500 ಡಾಲರ್ ದಂಡ. ಇಂಥ ಕಾನೂನಿನಲ್ಲಿ ದಂಡ ಬೇಡವೆಂದು ಬ್ರಯಾನರು ಮೊದಲೇ ಬುದ್ಧಿ ಹೇಳಿದ್ದರು. ಓದಿದವರಿಗೆ ಕಾನೂನು ತಿಳಿಸಿದರೆ ಸಾಕು, ಹೊಡೆದು ಮಾಡಿಸಬೇಕಾಗಿಲ್ಲ ಎಂಬುದು ಅವರ ನಿಲುವು. ಅವರ ಮಾತು ನಡೆಯಲಿಲ್ಲ. ಕಾನೂನನ್ನು ಪರೀಕ್ಷೆಗೆ ಒಡ್ಡಲೆಂದು ಡೇಟನ್ನಿನ ಕೆಲವರು ಔಷಧಿ ಅಂಗಡಿಯಲ್ಲಿ ಕೂತು ಮಾತಾಡಿ, 24 ವರ್ಷದ ಶಿಕ್ಷಕ ಜಾನ್ ಸ್ಕೋಪ್ಸ್ ಎಂಬವರನ್ನು ಆರೋಪಿಯಾಗಲು ಒಪ್ಪಿಸಿದರು. ವಿಚಿತ್ರ ನೋಡಿ, ಈ ಸ್ಕೋಪ್ಸ್ ಓದಿದ್ದು ಬ್ರಯಾನರ ಹುಟ್ಟೂರು ಸೇಲಂನಲ್ಲೇ. 1919ರಲ್ಲಿ ಅವರ ಶಾಲೆಯ ಬೀಳ್ಕೊಡುಗೆಗೆ ಭಾಷಣ ಮಾಡಿದ್ದವರೂ ಬ್ರಯಾನರೇ.

ಜುಲೈ 10ಕ್ಕೆ ವಿಚಾರಣೆ ಶುರುವಾಯಿತು. 1,800 ಜನರ ಊರು ಜಾತ್ರೆಯಾಯಿತು. ತಿಂಡಿ ಅಂಗಡಿಗಳು, ಬೈಬಲ್ ಮಾರುವವರು, ಕೋಟು ತೊಟ್ಟ ಚಿಂಪಾಂಜಿ, ಶಿಕಾಗೋದಿಂದ ಬಂದ ರೇಡಿಯೋದವರು. ಸ್ಕೋಪ್ಸ್ ಪರ ಕ್ಲಾರೆನ್ಸ್ ಡ್ಯಾರೋ ಎಂಬ ಹೆಸರಾಂತ ಅಜ್ಞೇಯತಾವಾದಿ ವಕೀಲರು. 1896ರಲ್ಲಿ ಇವರು ಬ್ರಯಾನರ ಬೆಂಬಲಿಗರೇ! ಜೊತೆಗೆ ಡಡ್ಲಿ ಮೆಲೋನ್. ಐರಿಷ್ ಕಥೋಲಿಕ ಮನೆತನದಲ್ಲಿ ಹುಟ್ಟಿ, ವಿದೇಶಾಂಗ ಇಲಾಖೆಯಲ್ಲಿ ಬ್ರಯಾನರ ಕೈಕೆಳಗೆ ದುಡಿದವರು.

ವಿಚಾರಣೆಗೆ ಮೂರು ವಾರ ಮುಂಚೆ ಬ್ರಯಾನರು ಹೋವರ್ಡ್ ಕೆಲ್ಲಿ ಎಂಬ ಭಕ್ತ ವೈದ್ಯರಿಗೆ ಒಂದು ಪತ್ರ ಬರೆದಿದ್ದರು. ಕೆಲ್ಲಿಯವರು ಮನುಷ್ಯನ ಹೊರತು ಉಳಿದ ಜೀವಿಗಳಲ್ಲಿ ವಿಕಾಸ ನಡೆದಿರಬಹುದೆಂದು ಒಪ್ಪಿದವರು. ತಮಗೂ ಅದಕ್ಕೆ ಆಕ್ಷೇಪವಿಲ್ಲ, ಆದರೆ ಅಷ್ಟನ್ನು ಒಪ್ಪಿದರೆ ಎದುರಾಳಿಗೆ ಅಸ್ತ್ರ ಕೊಟ್ಟಂತಾಗುತ್ತದೆ ಎಂಬುದು ಬ್ರಯಾನರ ಉತ್ತರದ ಸಾರ. ಈ ಪತ್ರದ ವಿಷಯ ಓದಿದಾಗ ನನಗೆ ಹಲಸಂಗಿಯ ಆ ತಂದೆ ನೆನಪಾದರು. ಅವರು ನಂಬದ್ದನ್ನು ಅಂಕಕ್ಕಾಗಿ ಬರೆ ಎಂದರು. ಇವರು ತಪ್ಪಲ್ಲವೆಂದು ತಮಗೆ ತೋರಿದ್ದನ್ನು ಗೆಲುವಿಗಾಗಿ ಮುಚ್ಚಿಟ್ಟರು. ದಿನಗಳ ಉದ್ದದ ಬಗ್ಗೆ ಬಹಿರಂಗವಾಗಿ ಒಪ್ಪಿದ್ದರಲ್ಲಿ ನನಗೆ ತಪ್ಪು ಕಾಣದು. ಮುಚ್ಚಿಟ್ಟ ಇದರಲ್ಲಿ ಕಾಣುತ್ತದೆ.

ಜಡ್ಜ್ ರಾಲ್ಸ್‌ಟನ್ ಅವರು ವಿಜ್ಞಾನಿಗಳ ಸಾಕ್ಷ್ಯವನ್ನು ಜ್ಯೂರಿಯ ಮುಂದೆ ಬರಗೊಡಲಿಲ್ಲ. ಆಗ ಜುಲೈ 20ರ ಸೋಮವಾರ ಮಧ್ಯಾಹ್ನ, ಬೈಬಲ್ ತಜ್ಞರೆಂದು ಬ್ರಯಾನರನ್ನೇ ಸಾಕ್ಷಿಗೆ ಕರೆದರು. ಸೆಕೆ, ಜನಜಂಗುಳಿ, ನ್ಯಾಯಾಲಯ ಹೊರಗಿನ ಹುಲ್ಲಿನ ಮೇಲೆ, ಮರದ ನೆರಳಿನಲ್ಲಿ ಸೇರಿತ್ತು. ಒಲ್ಲೆನೆನ್ನಬಹುದಿತ್ತು, ಅವರ ಕಡೆಯ ವಕೀಲರೂ ತಡೆದರು. ವಿಶ್ವಾಸವನ್ನು ಸಮರ್ಥಿಸಲು ಕರೆದಾಗ ಹಿಂದೆ ಸರಿಯುವುದು ಅವರಿಂದಾಗಲಿಲ್ಲ. ಎರಡು ಗಂಟೆ ಡ್ಯಾರೋ ಪ್ರಶ್ನೆಗಳ ಮಳೆಗರೆದರು: ಯೋನನನ್ನು ನುಂಗಿದ ಮೀನು, ಯೆಹೋಶುವನು ನಿಲ್ಲಿಸಿದ ಸೂರ್ಯ, ಕಾಯಿನನ ಹೆಂಡತಿ ಎಲ್ಲಿಂದ ಬಂದಳು ಎಂಬುದು, ಪ್ರಳಯ ನಡೆದ ವರ್ಷ. ಬೇರೆ ಧರ್ಮಗಳ ಬಗ್ಗೆ, ಪ್ರಾಚೀನ ನಾಗರಿಕತೆಗಳ ಬಗ್ಗೆ ಕೇಳಿದಾಗ ಬ್ರಯಾನರಿಗೆ ಹೆಚ್ಚು ತಿಳಿದಿರಲಿಲ್ಲ. ಕೊನೆಗೆ ಸೃಷ್ಟಿಯ ದಿನಗಳ ಮಾತು ಬಂತು. ಅವು 24 ಗಂಟೆಯವೇ ಆಗಬೇಕಿಲ್ಲ, ಎಷ್ಟೋ ದೀರ್ಘ ಕಾಲಗಳಾಗಿರಬಹುದು ಎಂದು ಅವರು ಒಪ್ಪಿದರು. ಡ್ಯಾರೋಗೆ ಬೇಕಾಗಿದ್ದುದು ಅದೇ. ದಿನ ಎಂಬ ಶಬ್ದಕ್ಕೆ ಅರ್ಥ ಬಿಡಿಸಿ ಓದಬಹುದಾದರೆ ಮಣ್ಣು ಎಂಬ ಶಬ್ದಕ್ಕೇಕೆ ಬೇಡ ಎಂಬ ಪ್ರಶ್ನೆ ಕೇಳಿದವರ ಮನಸ್ಸಿನಲ್ಲಿ ತಾನಾಗಿ ಹುಟ್ಟಿತು. ಇಬ್ಬರೂ ಎದ್ದು ನಿಂತು ಕೈ ಬೀಸಿ ಕೂಗಾಡುವ ಹಂತಕ್ಕೆ ಬಂದಾಗ ಜಡ್ಜ್ ಅಂದಿನ ಕಲಾಪ ನಿಲ್ಲಿಸಿದರು.

ಮರುದಿನ ಆ ಸಾಕ್ಷ್ಯವನ್ನೇ ದಾಖಲೆಯಿಂದ ತೆಗೆದುಹಾಕಿದರು. ಡ್ಯಾರೋ ತಾವೇ ತಪ್ಪಿತಸ್ಥನೆಂಬ ತೀರ್ಪು ಬೇಡಿ, ಬ್ರಯಾನರು ತಿಂಗಳುಗಟ್ಟಲೆ ಸಿದ್ಧಪಡಿಸಿದ್ದ ಸಮಾರೋಪ ಭಾಷಣಕ್ಕೆ ಅವಕಾಶವಿಲ್ಲದಂತೆ ಮಾಡಿದರು. ಜ್ಯೂರಿಗೆ ಒಂಬತ್ತು ನಿಮಿಷ ಸಾಕಾಯಿತು. ಸ್ಕೋಪ್ಸ್‌ಗೆ 100 ಡಾಲರ್ ದಂಡ. ಬೇಕಾದರೆ ಆ ದಂಡವನ್ನು ತಾವೇ ಕಟ್ಟುವುದಾಗಿ ಬ್ರಯಾನರು ಮೊದಲೇ ಹೇಳಿದ್ದರು. 1927ರಲ್ಲಿ ರಾಜ್ಯದ ಸುಪ್ರೀಂ ಕೋರ್ಟು, ದಂಡ ವಿಧಿಸಬೇಕಾದದ್ದು ಜಡ್ಜ್ ಅಲ್ಲ, ಜ್ಯೂರಿ ಎಂಬ ಸಣ್ಣ ಕಾರಣಕ್ಕೆ ತೀರ್ಪನ್ನು ಬದಿಗಿಟ್ಟಿತು. ಬಟ್ಲರ್ ಕಾನೂನು ರದ್ದಾದದ್ದು 1967ರಲ್ಲಿ.

ನಗರದ ಪತ್ರಿಕೆಗಳು ಬ್ರಯಾನರನ್ನು ಗೇಲಿ ಮಾಡಿದವು. ಅದು ಅವರಿಗೆ ಹೊಸದಲ್ಲ. ಸ್ವಂತ ಪಾಳಯದಿಂದ ಬಂದ ಮಾತು ಬೇರೆ ತರಹದ್ದು. ಪ್ರೈಸರು ಆಗ ಇಂಗ್ಲೆಂಡಿನಲ್ಲಿದ್ದರು. ಸಾಕ್ಷಿಗೆ ಬರಬೇಕೆಂದು ಕರೆದಾಗ ಬರಲಾಗಲಿಲ್ಲ. ವಿಜ್ಞಾನದ ವಾದಕ್ಕೆ ಇಳಿಯಬೇಡಿ ಎಂದು ಎಚ್ಚರಿಸಿದ್ದರು. ದಿನಗಳ ವಿಷಯದಲ್ಲಿ ಸಡಿಲಬಿಟ್ಟದ್ದೇ ಸೋಲಿಗೆ ಕಾರಣವೆಂದು ಅವರ ನಂಬಿಕೆ. 1960ರ ದಶಕದಿಂದ ಅಮೆರಿಕದಲ್ಲಿ ಪ್ರೈಸರ ಮತವೇ ಬಲಗೊಂಡಿತು. ಬ್ರಯಾನರ ನೆನಪಿಗೆಂದು 1930ರಲ್ಲಿ ಡೇಟನ್ನಿನಲ್ಲಿ ಆರಂಭವಾದ ಕಾಲೇಜಿನಲ್ಲೇ 2014ರಲ್ಲಿ ಗದ್ದಲವೆದ್ದಿತು. ಆದಾಮ ಏವೆಯರು ಬೇರೆ ಯಾವ ಜೀವಿಯಿಂದಲೂ ಬಂದವರಲ್ಲ ಎಂದು ವಿಶ್ವಾಸದ ಘೋಷಣೆಗೆ ಸ್ಪಷ್ಟೀಕರಣ ಸೇರಿಸಿದಾಗ ಕೆಲವು ಅಧ್ಯಾಪಕರು ಕಾಲೇಜು ಬಿಡಬೇಕಾಯಿತು. ನಮ್ಮ ದೇಶದಲ್ಲಿ 2023ರಲ್ಲಿ ಎನ್‌ಸಿಇಆರ್‌ಟಿ ಹತ್ತನೇ ತರಗತಿಯ ಪುಸ್ತಕದಿಂದ ವಿಕಾಸವಾದದ ಪಾಠವನ್ನು ಕೈಬಿಟ್ಟಾಗ 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಸಹಿ ಹಾಕಿ ವಿರೋಧಿಸಿದರು. ಹನ್ನೆರಡನೆಯ ತರಗತಿಯಲ್ಲಿ ಪಾಠ ಉಳಿಯಿತು. ಹಲಸಂಗಿಯ ಹುಡುಗ ಖಾಲಿ ಬಿಟ್ಟದ್ದು ಅದನ್ನೇ.

ಆ ತಾಯಿಗೆ ಅಂದು ಸರಿಯಾಗಿ ಹೇಳಲಾಗದ್ದನ್ನು ಇಲ್ಲಿ ಹೇಳುತ್ತೇನೆ. 1950ರಲ್ಲಿ ಪೋಪ್ ಹನ್ನೆರಡನೇ ಪಿಯುಸರು, ಮನುಷ್ಯನ ದೇಹ ಮೊದಲಿದ್ದ ಜೀವಿಯಿಂದ ಬಂದಿರಬಹುದೇ ಎಂದು ಬಲ್ಲವರು ಸಂಶೋಧಿಸುವುದಕ್ಕೆ ಧರ್ಮಸಭೆಯ ಅಡ್ಡಿಯಿಲ್ಲ, ಆತ್ಮವನ್ನು ಮಾತ್ರ ದೇವರೇ ನೇರವಾಗಿ ಸೃಷ್ಟಿಸುತ್ತಾರೆ ಎಂದು ಬೋಧಿಸಿದರು. 1996ರ ಅಕ್ಟೋಬರಿನಲ್ಲಿ ಎರಡನೇ ಜಾನ್ ಪೌಲರು, ವಿಕಾಸವಾದವು ಈಗ ಬರಿಯ ಊಹೆಯ ಮಟ್ಟ ದಾಟಿದೆ ಎಂದು ವಿಜ್ಞಾನಿಗಳಿಗೆ ಸಂದೇಶ ಕಳುಹಿಸಿದರು. ಆದ್ದರಿಂದ ತಾಯೀ, ನಿಮ್ಮ ಮಗ ಬರೆಯಲಿ, ಅರ್ಥಮಾಡಿಕೊಂಡೇ ಬರೆಯಲಿ. ತಂದೆ ಹೇಳಿದಂತೆ ಮನಸ್ಸಿನಲ್ಲೊಂದು ಹಾಳೆಯ ಮೇಲೊಂದು ಮಾಡಬೇಕಾದ ಅಗತ್ಯ ಅವನಿಗಿಲ್ಲ. ಸೋದರಮಾವನ ಮೇಲೆ ಸಿಟ್ಟಾಗಬೇಡಿ. ಬ್ರಯಾನರ ಭಯವೇ ಅವನದ್ದೂ, ಮಕ್ಕಳು ದೇವರನ್ನು ಕಳೆದುಕೊಂಡಾರೆಂಬ ಭಯ.

ಬ್ರಯಾನರ ಕೊನೆಯ ದಿನಗಳನ್ನು ಮೇರಿ ಬರೆದಿಟ್ಟಿದ್ದಾರೆ. ಕೀಲುನೋವಿನಿಂದ ಗಾಲಿಕುರ್ಚಿ ಹಿಡಿದಿದ್ದ ಅವರಿಗೆ ಈ ಹೋರಾಟದ ಬಗ್ಗೆ ಮೊದಲಿನಿಂದಲೂ ಅಳುಕಿತ್ತು. ಮಕ್ಕಳ ಪಾಠದ ಬಗ್ಗೆ ತಂದೆತಾಯಿಗಿರುವ ನ್ಯಾಯವಾದ ಕಾಳಜಿಗೂ ಬೇರೆಯವರ ಮನಸ್ಸಾಕ್ಷಿಯೊಳಗೆ ನುಗ್ಗುವುದಕ್ಕೂ ನಡುವಿನ ಅಂತರ ಬಹಳ ಕಿರಿದು ಎಂದು ಅವರು ಗಂಡನಿಗೆ ನೆನಪಿಸಿದರು. ಅಂಥ ತಪ್ಪು ತಾನು ಈವರೆಗೆ ಮಾಡಿಲ್ಲವಲ್ಲ ಎಂದು ಬ್ರಯಾನರು ಕೇಳಿದರು. ಈವರೆಗೆ ಇಲ್ಲ, ಮುಂದೆಯೂ ಆ ಕಿರುದಾರಿಯಲ್ಲೇ ನಡೆಯಬಲ್ಲಿರಾ ಎಂದು ಮೇರಿ. ಅವರು ನಕ್ಕು, ನಡೆಯಬಲ್ಲೆನೆಂದರು. ಹಿಂಬಾಲಿಸುವವರನ್ನೂ ಹಿಡಿದು ನಡೆಸಬಲ್ಲಿರಾ ಎಂದು ಮತ್ತೆ ಕೇಳಿದಾಗ ಅವರ ನಗು ಅಡಗಿತು. ಗಂಭೀರರಾಗಿ, ನಡೆಸಬಲ್ಲೆನೆಂದುಕೊಂಡಿದ್ದೇನೆ ಎಂದರು.

1925ರ ಜುಲೈ 26, ಭಾನುವಾರ. ಬ್ರಯಾನರು ಡೇಟನ್ನಿನ ಮೆಥಡಿಸ್ಟ್ ಗುಡಿಯಲ್ಲಿ ಬೆಳಗಿನ ಆರಾಧನೆಯಲ್ಲಿ ಪಾಲ್ಗೊಂಡು ಪ್ರಾರ್ಥನೆ ಹೇಳಿದರು. ಸಕ್ಕರೆ ಕಾಯಿಲೆಯವರು, ಊಟ ಮಾಡಿ ಸ್ವಲ್ಪ ಅಡ್ಡಾದರು. ಮೇರಿ ಹೊರಗೆ ಜಗಲಿಯಲ್ಲಿ ಕುಳಿತಿದ್ದರು. ಮಧ್ಯಾಹ್ನದ ನಿದ್ರೆಯಿಂದ ಅವರು ಏಳಲಿಲ್ಲ.